ತೀರಿಕೊಂಡವರ ಮನೆಯನ್ನು ವಾರಸುದಾರರಿಂದ ಕೊಳ್ಳುವಾಗ ಒ.ಸಿ ಇಲ್ಲದಿದ್ದರೆ ಯಾರು ಮಾಡಿಸಬೇಕು, ಯಾವಾಗ ಮಾಡಿಸಬೇಕು?

ಹೊಸ ಹೊಸ್ತಿಲು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಲ್ಲಿ 40×60ರ ನಿವೇಶನದಲ್ಲಿರುವ ಸ್ವತಂತ್ರ ಮನೆಯನ್ನು ಕೊಳ್ಳುವ ಮಾತುಕತೆಯಲ್ಲಿದ್ದೇವೆ. ನಿವೇಶನವು ಮನೆಯ ಯಜಮಾನರಿಗೇ ಹಂಚಿಕೆಯಾಗಿದ್ದು, ಶುದ್ಧ ಕ್ರಯಪತ್ರವೂ ಅವರ ಹೆಸರಿಗೇ ಆಗಿದೆ. 2004ರಲ್ಲಿ ನೆಲಮಹಡಿ ಮತ್ತು ಮೊದಲ ಮಹಡಿಗೆ ನಕ್ಷೆ ಮಂಜೂರಾಗಿ ಮನೆ ಕಟ್ಟಿದ್ದಾರೆ. ಈಗ ಯಜಮಾನರು ಇಲ್ಲ, ಅವರು ಉಯಿಲು ಬರೆದಿಲ್ಲ, ಮನೆಯನ್ನು ಮಾರಿ ಹಣ ಹಂಚಿಕೊಳ್ಳಬೇಕೆಂದು ಕುಟುಂಬದವರು ತೀರ್ಮಾನಿಸಿದ್ದಾರೆ.

ಕಂದಾಯದ ರಸೀದಿಗಳು, ಋಣಭಾರ ಪತ್ರ, ಖಾತೆ ಎಲ್ಲವೂ ಸರಿಯಿವೆ. ಸ್ವಾಧೀನಾನುಭವ ಪತ್ರ, ಅಂದರೆ ಒ.ಸಿ, ಮಾತ್ರ ಇಲ್ಲ. ಕೇಳಿದರೆ, "ಅಪ್ಪ ಮಾಡಿಸಿದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ, ಇಷ್ಟು ವರ್ಷ ಯಾರೂ ಕೇಳಿಲ್ಲ" ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಆದರೆ ಮನೆಯ ತಾರಸಿಯಲ್ಲಿ ಶೀಟು ಹೊದಿಸಿದ ಒಂದು ಕೋಣೆಯಿದೆ, ಹಿತ್ತಿಲ ಕಡೆ ಒಂದು ಶೌಚಾಲಯ ಗೋಡೆಯಿಂದ ಹೊರಕ್ಕೆ ಬಂದಿದೆ. ಇವೆರಡೂ ನಕ್ಷೆಯಲ್ಲಿ ಇದ್ದಂತೆ ಕಾಣುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಮನೆ ಕಟ್ಟಿದವರೇ ಇಲ್ಲದಿರುವಾಗ ಒ.ಸಿಗೆ ಅರ್ಜಿ ಹಾಕಬೇಕಾದವರು ಯಾರು? ನೋಂದಣಿಗೆ ಮೊದಲು ಅವರೇ ಮಾಡಿಸಿಕೊಡಬೇಕೆಂದು ಕೇಳುವುದು ನ್ಯಾಯವೇ, ಅಥವಾ ಕೊಂಡ ಮೇಲೆ ನಾವೇ ಮಾಡಿಸಿಕೊಳ್ಳಬಹುದೇ? ಬೆಲೆಯ ಒಂದು ಭಾಗಕ್ಕೆ ಬ್ಯಾಂಕ್ ಸಾಲ ಬೇಕಾಗುತ್ತದೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೆಬಡಾವಣೆ

ಸರ್, ಬೆಂಗಳೂರಿನಲ್ಲಿ ಸ್ವತಂತ್ರ ಮನೆಗಳಿಗೆ ಒ.ಸಿ ಹುಡುಕಲು ಹೊರಟರೆ ನೀವು ಮನೆ ಕೊಳ್ಳುವುದೇ ಇಲ್ಲ. ಅಪಾರ್ಟ್‌ಮೆಂಟ್ ಕಟ್ಟುವವರು ಮಾಡಿಸುವ ಪತ್ರ ಅದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇ-ಖಾತೆ ಕೇಳುತ್ತಾರೆಯೇ ಹೊರತು ಒ.ಸಿ ಕೇಳುವುದಿಲ್ಲ. ಮೇಲಾಗಿ 2025ರಲ್ಲಿ ಸರ್ಕಾರವೇ ಸಣ್ಣ ಮನೆಗಳಿಗೆ ಒ.ಸಿ ವಿನಾಯಿತಿ ಕೊಟ್ಟಿದೆ. ವಾರಸುದಾರರೆಲ್ಲರೂ ಬಂದು ಸಹಿ ಹಾಕುತ್ತಾರೆಯೇ ಎಂಬುದನ್ನು ನೋಡಿಕೊಳ್ಳಿ, ಮಿಕ್ಕಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನಿವೃತ್ತ ಅಭಿಯಂತರ

ನೋಂದಣಿಗೆ ಒ.ಸಿ ಬೇಕಿಲ್ಲ ಎಂಬುದು ನಿಜ. ಉಪನೋಂದಣಾಧಿಕಾರಿಗಳು ದಸ್ತಾವೇಜನ್ನು ನೋಂದಾಯಿಸುತ್ತಾರೆ, ಕಟ್ಟಡ ನಕ್ಷೆಯಂತೆ ಇದೆಯೇ ಎಂದು ನೋಡುವುದು ಅವರ ಕೆಲಸವಲ್ಲ. ಖಾತೆಯೂ ಅಷ್ಟೇ: ಕಂದಾಯ ಯಾರಿಂದ ವಸೂಲಾಗಬೇಕು ಎಂಬುದನ್ನು ಅದು ಹೇಳುತ್ತದೆ, ಕಟ್ಟಡ ಸಕ್ರಮವೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ನೋಂದಣಿ ಸಲೀಸಾಗಿ ಆಯಿತು ಎಂಬುದು ಯಾವುದಕ್ಕೂ ಪುರಾವೆಯಾಗುವುದಿಲ್ಲ.

ವಿನಾಯಿತಿಯ ವಿಚಾರ. ಅದು 1200 ಚದರಡಿವರೆಗಿನ ನಿವೇಶನಗಳಲ್ಲಿ, ನಿಗದಿತ ಮಹಡಿಗಳೊಳಗೆ ಕಟ್ಟಿದ ವಾಸದ ಮನೆಗಳಿಗೆ ಸಂಬಂಧಿಸಿದ್ದು. ಪ್ರಶ್ನೆ ಕೇಳಿದವರ ನಿವೇಶನ 2400 ಚದರಡಿ. ವಿನಾಯಿತಿ ಇರುವಲ್ಲಿಯೂ ಮಂಜೂರಾದ ನಕ್ಷೆಯ ಅಗತ್ಯ ತಪ್ಪುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇನ್ನು, ಒ.ಸಿ ಎಂಬುದು ಅಪಾರ್ಟ್‌ಮೆಂಟಿಗೆ ಮಾತ್ರ ಎಂಬ ಮಾತು ಸರಿಯಲ್ಲ. ಈ ಮನೆ ಕಟ್ಟಿದ ಕಾಲದಲ್ಲಿ ಜಾರಿಯಲ್ಲಿದ್ದ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ 310ನೇ ಕಲಂ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಮತ್ತು ವಾಸದ ಅನುಮತಿಯ ಬಗ್ಗೆಯೇ ಇದೆ. 2003ರ ಕಟ್ಟಡ ಉಪವಿಧಿಗಳ ಪ್ರಕಾರ ಪರವಾನಗಿ ಪಡೆದ ಐದು ವರ್ಷದೊಳಗೆ ಕಟ್ಟಡ ಮುಗಿಸಬೇಕಿತ್ತು, ಮುಗಿಸಿದ ಒಂದು ತಿಂಗಳೊಳಗೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಪ್ರಮಾಣಪತ್ರದೊಡನೆ ಪಾಲಿಕೆಗೆ ತಿಳಿಸಿ ವಾಸಕ್ಕೆ ಅನುಮತಿ ಕೇಳಬೇಕಿತ್ತು. ಮುಂದೆ 2020ರಲ್ಲಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಅಧಿನಿಯಮ ಬಂತು, 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ ಜಾರಿಯಾಗಿ ನಗರ ಐದು ಪಾಲಿಕೆಗಳಾಯಿತು. ಕಾಯ್ದೆಯ ಹೆಸರು ಬದಲಾದ ಮಾತ್ರಕ್ಕೆ ಹಳೆಯ ಕಟ್ಟಡದ ಬಾಕಿ ಕರ್ತವ್ಯ ಮಾಫಿಯಾಗಿಲ್ಲ. ಅದು ಕಟ್ಟಡದೊಂದಿಗೇ ಸಾಗುತ್ತದೆ, ನೋಟಿಸು ಬಂದರೆ ಆ ದಿನದ ಮಾಲೀಕರ ಹೆಸರಿಗೆ ಬರುತ್ತದೆ.

ಈಗ ಮಾಡಬೇಕಾದ ಕೆಲಸ. ಮೊದಲು ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಬೇಕು. ಮನೆಯವರ ಬಳಿ ಇರುವ ಅಮೋನಿಯಾ ಪ್ರಿಂಟು ಮಾಸಿಹೋಗಿದ್ದರೆ, ವಾರಸುದಾರರೊಬ್ಬರು ಮರಣ ಪ್ರಮಾಣಪತ್ರ ಲಗತ್ತಿಸಿ ನಗರ ಯೋಜನಾ ವಿಭಾಗಕ್ಕೆ ಅರ್ಜಿ ಕೊಡಲಿ. ಅದರ ಜೊತೆಗೆ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ, ಪರವಾನಗಿ ಸಂಖ್ಯೆಯನ್ನು ನಮೂದಿಸಿ, ಆ ಕಡತದ ಟಿಪ್ಪಣಿ ಪುಟಗಳನ್ನೂ ಕೇಳಬೇಕು. ನಕ್ಷೆ ಮಾತ್ರ ಕೇಳಿದರೆ ನಕ್ಷೆ ಮಾತ್ರ ಬರುತ್ತದೆ. ಟಿಪ್ಪಣಿ ಪುಟಗಳಲ್ಲಿ ಪಾಯದ ಹಂತದಲ್ಲಿ ಯಾರಾದರೂ ಬಂದು ಪರಿಶೀಲಿಸಿದ್ದರೇ, ಪೂರ್ಣಗೊಂಡ ವರದಿ ಸಲ್ಲಿಕೆಯಾಗಿತ್ತೇ, ಆಕ್ಷೇಪಣೆ ಬರೆದಿದ್ದಾರೆಯೇ ಎಂಬುದು ಗೊತ್ತಾಗುತ್ತದೆ. ಯಜಮಾನರು ಅರ್ಜಿ ಹಾಕಿ, ಕಚೇರಿ ಆಕ್ಷೇಪಣೆ ಎತ್ತಿ, ಅಲ್ಲಿಗೇ ನಿಂತುಹೋದ ಕಡತಗಳು ಎಷ್ಟೋ ಇರುತ್ತವೆ. ಅಂಥದ್ದು ಮನೆಯವರಿಗೂ ಗೊತ್ತಿರುವುದಿಲ್ಲ.

ನಕ್ಷೆ ಕೈಗೆ ಬಂದ ಮೇಲೆ ಅಳತೆ. ಕಾಂಪೌಂಡ್ ಗೋಡೆಯ ಒಳಮುಖದಿಂದ ಮನೆಯ ಗೋಡೆಯ ಹೊರಮುಖಕ್ಕೆ ಟೇಪು ಹಿಡಿಯಿರಿ. ನಾಲ್ಕೂ ಕಡೆ, ಪ್ರತಿ ಕಡೆಯೂ ಎರಡು ಮೂರು ಜಾಗದಲ್ಲಿ, ಏಕೆಂದರೆ ಹಳೆಯ ಕಾಂಪೌಂಡುಗಳು ನೇರವಾಗಿರುವುದಿಲ್ಲ. 2003ರ ಉಪವಿಧಿಗಳು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಆವರಣ ಪ್ರಮಾಣ (ನಿವೇಶನದಲ್ಲಿ ಕಟ್ಟಡ ಆವರಿಸುವ ಭಾಗ), ಎತ್ತರ ಇತ್ಯಾದಿಗಳಲ್ಲಿ ಶೇ. 5ರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಒಪ್ಪಲು ಅವಕಾಶ ಕೊಟ್ಟಿದ್ದವು. ಕೇಳುವುದಕ್ಕೆ ದೊಡ್ಡದಾಗಿ ಕಾಣುತ್ತದೆ. ಹಿತ್ತಿಲ ಕಡೆ ಎರಡು ಮೀಟರ್ ಬಿಡಬೇಕಿದ್ದರೆ ಶೇ. 5 ಎಂದರೆ ಹತ್ತು ಸೆಂಟಿಮೀಟರ್, ಒಂದು ಅಂಗೈ ಅಗಲ. ಹೊರಕ್ಕೆ ಬಂದ ಶೌಚಾಲಯ ಅದರೊಳಗೆ ಕೂರುವುದಿಲ್ಲ. ಈಗ ಜಾರಿಯಲ್ಲಿರುವ ಮಿತಿ ಎಷ್ಟು ಎಂಬುದನ್ನು ಸಂಬಂಧಪಟ್ಟ ಪಾಲಿಕೆಯಿಂದ ಲಿಖಿತವಾಗಿಯೇ ಪಡೆಯಿರಿ.

ಸಾಲವಿಭಾಗ

ನಾನು ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡುವವನು, ಬ್ಯಾಂಕಿನ ಹೆಸರು ಬೇಡ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಕಟ್ಟಡದ ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರವನ್ನು ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು, ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನೂ ಆ ಪತ್ರ ನೋಡಿದ ಮೇಲೆಯೇ ಕೊಡಬೇಕು ಎಂಬುದು ಅವುಗಳಲ್ಲಿ ಸೇರಿದೆ. ಅದಾದ ಮೇಲೆ ಹಳೆಯ ಸ್ವತಂತ್ರ ಮನೆಗಳ ಕಡತಗಳು ನಮ್ಮ ಮೇಜಿನಲ್ಲಿ ಮೊದಲಿನಷ್ಟು ಸುಲಭವಾಗಿ ಮುಂದೆ ಹೋಗುವುದಿಲ್ಲ. ಯಾವ ಬ್ಯಾಂಕ್ ಎಷ್ಟು ಬಿಗಿ ಎಂಬುದರಲ್ಲಿ ವ್ಯತ್ಯಾಸವಿದೆ, ಅದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಬೇಕು.

ಇದಕ್ಕಿಂತ ಹಳೆಯದೊಂದು ನಿಯಮವಿದೆ, ಅದನ್ನು ಕೊಳ್ಳುವವರು ಓದದೆಯೇ ಸಹಿ ಹಾಕುತ್ತಾರೆ. ದೆಹಲಿ ಹೈಕೋರ್ಟಿನ ಆದೇಶದ ನಂತರ ರಿಸರ್ವ್ ಬ್ಯಾಂಕ್ 2006ರಲ್ಲಿ ಹೊರಡಿಸಿದ ಸೂಚನೆಯಂತೆ, ಕಟ್ಟಿದ ಮನೆಯನ್ನು ಕೊಳ್ಳಲು ಸಾಲ ಕೇಳುವವರು, ಆ ಕಟ್ಟಡ ಮಂಜೂರಾದ ನಕ್ಷೆಯಂತೆ ಅಥವಾ ಉಪವಿಧಿಗಳಂತೆ ಇದೆ ಎಂದು ಅಫಿಡವಿಟ್ ಬರೆದುಕೊಡಬೇಕು. ಅಂದರೆ ಕಟ್ಟಿದವರು ತೀರಿಕೊಂಡಿದ್ದಾರೆ, ಮಾರುವವರಿಗೆ ಏನೂ ಗೊತ್ತಿಲ್ಲ. ಆದರೆ ಆ ಕಟ್ಟಡದ ಬಗ್ಗೆ ಪ್ರಮಾಣ ಮಾಡುವವರು ನೀವು. ತಾರಸಿಯ ಕೋಣೆ ಕಣ್ಣಿಗೆ ಕಾಣುತ್ತಿರುವಾಗ ಆ ಅಫಿಡವಿಟ್‌ಗೆ ಸಹಿ ಹಾಕುವುದು ಬೇಡ ಎಂದು ನನ್ನ ವೈಯಕ್ತಿಕ ಸಲಹೆ. ನಮ್ಮ ಮೌಲ್ಯಮಾಪಕರು ಬಂದು ನೋಡಿದರೆ ಅದನ್ನು ಬರೆಯದೆ ಬಿಡುವುದಿಲ್ಲ.

ಪಾಲುದಾರಳು

ಮಾರುವವರ ಕಡೆಯಿಂದಲೂ ಒಂದು ಮಾತು ಇರಲಿ. ತಂದೆ ತೀರಿಕೊಂಡ ಮೇಲೆ ನಾನು ಮತ್ತು ನನ್ನ ಅಣ್ಣಂದಿರು ಮನೆಯನ್ನು ಮಾರಿದೆವು. ನಮ್ಮ ಕೈಗೆ ಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ವರ್ಷವರ್ಷದ ಕಂದಾಯದ ರಸೀದಿಗಳು ದಾರ ಕಟ್ಟಿ ಜೋಡಿಸಿದ್ದವು, ಸಿಮೆಂಟು ಅಂಗಡಿಯ ಬಿಲ್ಲುಗಳೂ ಇದ್ದವು, ನಕ್ಷೆ ಮಡಿಕೆಗಳಲ್ಲಿ ಹರಿದಿತ್ತು. ಪರವಾನಗಿಯ ಹಿಂಬದಿಯಲ್ಲಿ ಷರತ್ತುಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು, ಕಟ್ಟಡ ಮುಗಿದ ಮೇಲೆ ಅನುಮತಿ ಪಡೆಯದೆ ವಾಸ ಮಾಡಬಾರದು ಎಂಬುದು ಅಲ್ಲಿಯೇ ಇತ್ತು. ತಂದೆ ಅದನ್ನು ಓದಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆ ತಲೆಮಾರಿನವರಿಗೆ ಕಂದಾಯ ಕಟ್ಟಿದರೆ ಮನೆ ಸಕ್ರಮ ಎಂಬ ನಂಬಿಕೆ.

ಆದ್ದರಿಂದ ಕೊಳ್ಳುವವರು ಬಂದು ಒ.ಸಿ ಎಲ್ಲಿ ಎಂದು ಕೇಳಿದಾಗ ಮನೆಯವರಿಗೆ ಮೊದಲು ಬರುವುದು ಸಿಟ್ಟು. ನಮ್ಮ ತಂದೆ ತಪ್ಪು ಮಾಡಿದ್ದರು ಎನ್ನುತ್ತಿದ್ದೀರಾ ಎಂಬ ಭಾವನೆ. ಇದನ್ನು ಬೆಲೆ ಇಳಿಸುವ ಹುನ್ನಾರ ಎಂದುಕೊಂಡವರೂ ನಮ್ಮಲ್ಲಿ ಇದ್ದರು. ಹೊಸ ಹೊಸ್ತಿಲು ಅವರೇ, ನೀವು ಕೇಳುವಾಗ ಎಲ್ಲ ವಾರಸುದಾರರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಒಬ್ಬ ಮಗನಿಗೆ ಮಾತ್ರ ಹೇಳಿದರೆ ಅವನು ಮಿಕ್ಕವರಿಗೆ ಹೇಳುವಾಗ ಅದು ಬೇರೆಯೇ ರೂಪ ಪಡೆಯುತ್ತದೆ. ಇನ್ನೊಂದು ವಿಷಯ: ಮನೆಯಲ್ಲೇ ಇರುವ ವಾರಸುದಾರರಿಗೂ ದೂರದಲ್ಲಿರುವ ವಾರಸುದಾರರಿಗೂ ಈ ವಿಷಯದಲ್ಲಿ ಒಂದೇ ಹಿತಾಸಕ್ತಿ ಇರುವುದಿಲ್ಲ. ಹಣಕ್ಕೆ ಆತುರ ಇರುವವರು "ಇದ್ದ ಹಾಗೇ ಮಾರೋಣ" ಎನ್ನುತ್ತಾರೆ, ಕಾಯಬಲ್ಲವರು "ಸರಿಮಾಡಿಸಿ ಒಳ್ಳೆಯ ಬೆಲೆಗೆ ಮಾರೋಣ" ಎನ್ನುತ್ತಾರೆ. ಈ ಜಗಳ ಮುಗಿಯುವ ಮೊದಲು ಮುಂಗಡ ಕೊಡಬೇಡಿ.

ಹೊಸ ಹೊಸ್ತಿಲು

ಎಲ್ಲರಿಗೂ ಧನ್ಯವಾದಗಳು. ಎರಡು ವಿಷಯಗಳನ್ನು ಸೇರಿಸಬೇಕು. ವಾರಸುದಾರರಲ್ಲಿ ಯಜಮಾನರ ಪತ್ನಿ, ಒಬ್ಬ ಮಗ, ವಿದೇಶದಲ್ಲಿರುವ ಮಗಳು ಇದ್ದಾರೆ. ಹಿರಿಯ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದು, ಅವರ ಪತ್ನಿ ಮತ್ತು ಶಾಲೆಗೆ ಹೋಗುವ ಮಗು ಇದ್ದಾರೆ.

ಎರಡನೆಯದು, ನಿನ್ನೆ ಮಗ ಒಂದು ಉಪಾಯ ಹೇಳಿದರು. ಕುಟುಂಬದವರು ಮೊದಲು ವಿಭಾಗ ಪತ್ರ ಮಾಡಿಕೊಂಡು ನಿವೇಶನವನ್ನು 1200 ಚದರಡಿಯ ಎರಡು ಭಾಗ ಮಾಡುವುದು, ಆಮೇಲೆ ಎರಡೂ ಭಾಗಗಳನ್ನು ನಮಗೆ ಎರಡು ಕ್ರಯಪತ್ರಗಳಲ್ಲಿ ಮಾರುವುದು, ಆಗ ಒ.ಸಿ ವಿನಾಯಿತಿ ಸಿಗುತ್ತದೆ ಎಂದು ಅವರಿಗೆ ಯಾರೋ ಮಧ್ಯವರ್ತಿ ಹೇಳಿದ್ದಾರಂತೆ. ಇದು ಸಾಧ್ಯವೇ?

ನಿವೃತ್ತ ಅಭಿಯಂತರ

ಇಲ್ಲ. ಮನೆಯವರ ನಡುವಿನ ವಿಭಾಗ ಪತ್ರದಿಂದ ಹಕ್ಕು ಹಂಚಿಕೆಯಾಗುತ್ತದೆ, ಯೋಜನಾ ಪ್ರಾಧಿಕಾರದ ಕಣ್ಣಿನಲ್ಲಿ ನಿವೇಶನ ಎರಡಾಗುವುದಿಲ್ಲ. ನಿವೇಶನವನ್ನು ಉಪವಿಭಜನೆ ಮಾಡಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೇ ಕಲಮಿನಡಿ ಪ್ರತ್ಯೇಕ ಅನುಮೋದನೆ ಬೇಕು. ಅದು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಕಟ್ಟಡ ಒಂದೇ, ಅದರ ನಕ್ಷೆ 2400 ಚದರಡಿಗೆ ಮಂಜೂರಾದದ್ದು. ನಡುವೆ ಗೆರೆ ಎಳೆದರೆ ಆ ಗೆರೆ ನಡುಮನೆಯ ಮೇಲೆ ಹಾದುಹೋಗುತ್ತದೆ, ಎರಡೂ ಭಾಗಗಳಲ್ಲಿ ಒಂದು ಕಡೆಯ ಸೆಟ್‌ಬ್ಯಾಕ್ ಸೊನ್ನೆಯಾಗುತ್ತದೆ. ಇರುವ ಎರಡು ಉಲ್ಲಂಘನೆಗಳನ್ನು ಮುಚ್ಚಲು ಹೋಗಿ ಇಡೀ ಕಟ್ಟಡವನ್ನೇ ಉಲ್ಲಂಘನೆ ಮಾಡಿಕೊಂಡಂತೆ.

ಇದೇ ರೀತಿ "ಅಕ್ರಮ-ಸಕ್ರಮ ಬರುತ್ತದೆ, ಆಗ ಎಲ್ಲ ಸರಿಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಅದನ್ನೂ ಬೆಲೆಯ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. 2013ರ ಅಕ್ಟೋಬರ್ 19ಕ್ಕಿಂತ ಹಿಂದಿನ ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲೆಂದು ತಂದ ಆ ಯೋಜನೆಗೆ ಹೈಕೋರ್ಟ್ 2016ರಲ್ಲಿ ಒಪ್ಪಿಗೆ ಕೊಟ್ಟರೂ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು.

ದಸ್ತಾವೇಜು ವಕೀಲ

ಚರ್ಚೆಯನ್ನು ಆರಂಭದಿಂದ ಓದಿದೆ. ಕಟ್ಟಡದ ಬಗ್ಗೆ ಅಭಿಯಂತರರು ಹೇಳಿದ್ದು ಸರಿಯಾಗಿದೆ. ಹಕ್ಕು ಮತ್ತು ಕರಾರಿನ ಭಾಗವನ್ನು ನಾನು ಹೇಳುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ವಾರಸುದಾರರಿಂದ ಕೊಳ್ಳುವಾಗ ಒ.ಸಿ ಪ್ರಶ್ನೆ ಹಣ ಹಂಚಿಕೆಯಾಗುವ ಮೊದಲೇ ಇತ್ಯರ್ಥವಾಗಬೇಕು. ಬದುಕಿರುವ ಒಬ್ಬ ಮಾಲೀಕರಿಂದ ಕೊಂಡರೆ ನಾಳೆ ತೊಂದರೆಯಾದಾಗ ಹೋಗಿ ಕೇಳಲು ಒಬ್ಬರಾದರೂ ಇರುತ್ತಾರೆ. ಇಲ್ಲಿ ಹಣ ನೋಂದಣಿಯ ದಿನವೇ ನಾಲ್ಕೈದು ಖಾತೆಗಳಿಗೆ ಹೋಗುತ್ತದೆ, ಅದರಲ್ಲಿ ಒಂದು ವಿದೇಶದಲ್ಲಿರುವವರದು, ಒಂದು ಮಗುವಿನದು. ಆಮೇಲೆ ಶೌಚಾಲಯ ಒಡೆಯುವ ಖರ್ಚನ್ನು ಯಾರಿಂದ ವಸೂಲು ಮಾಡುತ್ತೀರಿ?

ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವರು ತಮಗೆ ತಿಳಿದಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ದೋಷವನ್ನು ತಿಳಿಸಲೇಬೇಕು ಎನ್ನುತ್ತದೆ. ವಾರಸುದಾರರ ವಿಷಯದಲ್ಲಿ ಈ ರಕ್ಷಣೆ ಎರಡೂ ತುದಿಗಳಲ್ಲಿ ಸಡಿಲ. ತಮಗೆ ತಿಳಿದಿರಲಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಬಹುದು, ತಾರಸಿಯ ಕೋಣೆ ನಿಮ್ಮ ಕಣ್ಣಿಗೇ ಬಿದ್ದಿದೆ. ಗ್ರಾಹಕರ ವೇದಿಕೆಗೆ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಒ.ಸಿ ಕೊಡಿಸದಿರುವುದು ಸೇವಾ ನ್ಯೂನತೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕಟ್ಟಡ ನಿರ್ಮಾಪಕರ ವಿಷಯದಲ್ಲಿ. ತಂದೆಯ ಮನೆಯನ್ನು ಮಾರುವ ಮಕ್ಕಳು ನಿರ್ಮಾಪಕರಲ್ಲ, ನಿರ್ಮಾಪಕರ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಕೂಡ ಇಲ್ಲಿಗೆ ಬರುವುದಿಲ್ಲ. ಹೀಗಾಗಿ ನಿಮ್ಮ ರಕ್ಷಣೆಯೆಲ್ಲ ಕರಾರು ಪತ್ರದಲ್ಲಿ ನೀವು ಬರೆಸಿಕೊಂಡಷ್ಟೇ.

ಯಾರು ಅರ್ಜಿ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ: ವಾರಸುದಾರರು. ತಂದೆ ಬದುಕಿದ್ದಾಗ ಯಾರಿಗಾದರೂ ಅಧಿಕಾರ ಪತ್ರ ಕೊಟ್ಟಿದ್ದರೆ ಅದು ಅವರ ಮರಣದೊಂದಿಗೆ ಮುಗಿಯಿತು, ಅದನ್ನು ಹಿಡಿದುಕೊಂಡು ಈಗ ಅರ್ಜಿ ಹಾಕುವಂತಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಆಧಾರದ ಮೇಲೆ ಖಾತೆಯನ್ನು ಎಲ್ಲ ವಾರಸುದಾರರ ಹೆಸರಿಗೆ ಪೌತಿ (ಮೃತರ ಹೆಸರಿನಿಂದ ವರ್ಗಾವಣೆ) ಮಾಡಿಸಿ, ಅವರ ಜಂಟಿ ಹೆಸರಿನಲ್ಲಿ ಒ.ಸಿ ಅರ್ಜಿ ಸಲ್ಲಿಸುವುದು ಸರಿಯಾದ ಕ್ರಮ. ವಿದೇಶದಲ್ಲಿರುವ ಮಗಳು ಅಧಿಕಾರ ಪತ್ರ ಕಳುಹಿಸುವುದಾದರೆ ಅದರಲ್ಲಿ ಮಾರಾಟದ ಅಧಿಕಾರದ ಜೊತೆಗೆ ಪಾಲಿಕೆಯ ಮುಂದೆ ಅರ್ಜಿ, ಮುಚ್ಚಳಿಕೆ ಸಲ್ಲಿಸುವ ಮತ್ತು ಕಟ್ಟಡದ ಭಾಗವನ್ನು ತೆರವುಗೊಳಿಸಲು ಒಪ್ಪುವ ಅಧಿಕಾರವೂ ಸ್ಪಷ್ಟವಾಗಿ ಇರಬೇಕು. ಬರೀ ಮಾರಾಟಕ್ಕೆಂದು ಬರೆದು ತರಿಸಿದರೆ ಮತ್ತೊಮ್ಮೆ ರಾಯಭಾರ ಕಚೇರಿಗೆ ಅಲೆಯಬೇಕಾಗುತ್ತದೆ. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಈಗ ಮಗುವಿನ ವಿಷಯ, ಇದು ಎಲ್ಲಕ್ಕಿಂತ ಸೂಕ್ಷ್ಮ. ಈ ಆಸ್ತಿ ಯಜಮಾನರ ಸ್ವಯಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪತ್ನಿಗೆ, ಮಗನಿಗೆ, ಮಗಳಿಗೆ ತಲಾ ನಾಲ್ಕನೇ ಒಂದು ಪಾಲು. ತೀರಿಕೊಂಡ ಮಗನ ನಾಲ್ಕನೇ ಒಂದು ಪಾಲು ಅವರ ಪತ್ನಿಗೂ ಮಗುವಿಗೂ ಸಮನಾಗಿ ಹೋಗುತ್ತದೆ. ಅಂದರೆ ಮಗುವಿಗೆ ಎಂಟನೇ ಒಂದು ಪಾಲು ಅದರ ಸ್ವಂತ ಆಸ್ತಿಯಾಗಿ ಬಂದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನಂತೆ ತಾಯಿಯೂ ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೆ ಮಗು ಪ್ರಾಯಕ್ಕೆ ಬಂದ ಮೂರು ವರ್ಷದೊಳಗೆ ದಾವೆ ಹೂಡಿ ಆ ಮಾರಾಟವನ್ನು ರದ್ದುಪಡಿಸಿಕೊಳ್ಳಬಹುದು.

ಇದಕ್ಕೂ ಒ.ಸಿಗೂ ಏನು ಸಂಬಂಧ ಎಂದು ಕೇಳಬಹುದು. ಅನಿವಾರ್ಯತೆ ಇದ್ದರೆ ಅಥವಾ ಮಗುವಿಗೆ ಸ್ಪಷ್ಟವಾದ ಪ್ರಯೋಜನ ಇದ್ದರೆ ಮಾತ್ರ ನ್ಯಾಯಾಲಯ ಅನುಮತಿ ಕೊಡುತ್ತದೆ. ಒ.ಸಿ ಇಲ್ಲವೆಂದು ನೀವು ಬೆಲೆ ಇಳಿಸಿಕೊಂಡರೆ, ಮಗುವಿನ ಪಾಲು ಯಾಕೆ ಕಡಿಮೆ ಬೆಲೆಗೆ ಹೋಗುತ್ತಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಎಂಜಿನಿಯರ್‌ರ ಲಿಖಿತ ವರದಿ, ತೆರವಿನ ಅಂದಾಜು ವೆಚ್ಚ, ಪಾಲಿಕೆಯ ದೃಢೀಕೃತ ನಕ್ಷೆ ಇವುಗಳೇ ಉತ್ತರ. ಅವನ್ನು ಅರ್ಜಿಯ ಜೊತೆಗೆ ಮೊದಲೇ ಲಗತ್ತಿಸಬೇಕು. ಒ.ಸಿ ಬರುವವರೆಗೆ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಷರತ್ತು ಇದ್ದರೆ ಅದನ್ನೂ ನ್ಯಾಯಾಲಯಕ್ಕೆ ತೋರಿಸಬೇಕು. ಅನುಮತಿಯ ಆದೇಶದಲ್ಲಿ ಒಂದು ಬೆಲೆ, ಕ್ರಯಪತ್ರದಲ್ಲಿ ಇನ್ನೊಂದು ಬೆಲೆ ಎಂದಾದರೆ ಆ ಅನುಮತಿಯಿಂದ ನಿಮಗೆ ರಕ್ಷಣೆ ಸಿಗುವುದಿಲ್ಲ. ಮಗುವಿನ ಪಾಲನ್ನು ಈ ತಡೆಹಿಡಿಯುವಿಕೆಯಿಂದ ಪೂರ್ತಿ ಹೊರಗಿಟ್ಟು, ಮಿಕ್ಕ ನಾಲ್ವರ ಪಾಲಿನಿಂದ ಮಾತ್ರ ಹಿಡಿಯುವಂತೆ ಬರೆಯುವುದು ಹೆಚ್ಚು ಸುರಕ್ಷಿತ ಎಂದು ನನ್ನ ಅಭಿಪ್ರಾಯ.

ಹಳೆಬಡಾವಣೆ

ವಕೀಲರು ಹೇಳಿದ ಮಗುವಿನ ಅಂಶ ನನಗೂ ಹೊಸದು, ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಕೊಳ್ಳುವವರು ಹೇಗೂ ಹತ್ತು ವರ್ಷದ ನಂತರ ಮನೆ ಒಡೆದು ಹೊಸದಾಗಿ ಕಟ್ಟುವವರಾದರೆ ಹಳೆಯ ಕಟ್ಟಡದ ಒ.ಸಿ ಇಟ್ಟುಕೊಂಡು ಏನು ಮಾಡುತ್ತಾರೆ? ನಿವೇಶನದ ಬೆಲೆಗೆ ಕೊಂಡು, ಇದ್ದ ಹಾಗೇ ನೋಂದಣಿ ಮಾಡಿಸಿಕೊಂಡರೆ ಮುಗಿಯಿತಲ್ಲ?

ದಸ್ತಾವೇಜು ವಕೀಲ

ನೇರವಾದ ಪ್ರಶ್ನೆ. ಸ್ವಂತ ಹಣದಿಂದ, ನಿವೇಶನದ ಬೆಲೆಗೆ, ಕೂಡಲೇ ಒಡೆದು ಕಟ್ಟುವ ಉದ್ದೇಶದಿಂದ ಕೊಳ್ಳುವವರಿಗೆ ಹಳೆಯ ಕಟ್ಟಡದ ಒ.ಸಿ ಅಷ್ಟು ಮುಖ್ಯವಲ್ಲ. ಅವರಿಗೆ ಹಕ್ಕು ಮತ್ತು ನಿವೇಶನದ ಅಳತೆ ಸರಿಯಿದ್ದರೆ ಸಾಕು. ಹೊಸ ಕಟ್ಟಡಕ್ಕೆ ಹೊಸ ನಕ್ಷೆ, ಹೊಸ ಒ.ಸಿ ಎಂದು ಹೇಗೂ ಮಾಡಿಸಬೇಕು. ಆದರೆ ಪ್ರಶ್ನೆ ಕೇಳಿದವರು ಸಾಲ ತೆಗೆದು, ಆ ಮನೆಯಲ್ಲಿ ವಾಸ ಮಾಡಲು ಕೊಳ್ಳುತ್ತಿದ್ದಾರೆ. ಹತ್ತು ವರ್ಷ ಎಂಬ ಲೆಕ್ಕದಲ್ಲಿ ಆ ಮಧ್ಯೆ ಮೊದಲ ಮಹಡಿಗೆ ಪ್ರತ್ಯೇಕ ಮೀಟರ್ ಬೇಕಾಗಬಹುದು, ಮನೆಯನ್ನು ಮಾರಬೇಕಾಗಿ ಬರಬಹುದು, ಆಗ ಇವರಿಂದ ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರೆ.

ಇನ್ನೊಂದು ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ. ಉಯಿಲು ಇದ್ದು, ಅದರಲ್ಲಿ ನೇಮಿಸಿದ ನಿರ್ವಾಹಕರು ಮಾರುತ್ತಿದ್ದರೆ ಅವರು ಪ್ರತಿನಿಧಿಯಾಗಿ ಸಹಿ ಹಾಕುತ್ತಾರೆ, ಕಟ್ಟಡದ ಬಗ್ಗೆ ಸ್ವಂತ ಹೊಣೆ ಹೊರಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಲ್ಲಿ ಹಾಗಲ್ಲ, ವಾರಸುದಾರರು ತಮ್ಮ ಸ್ವಂತ ಹಕ್ಕಿನಲ್ಲೇ ಮಾರುತ್ತಿದ್ದಾರೆ. ಆದ್ದರಿಂದ ಕ್ರಯಪತ್ರದಲ್ಲಿ ನಷ್ಟಭರ್ತಿಯ ಮಾತನ್ನು ಪ್ರಾಯಕ್ಕೆ ಬಂದವರೆಲ್ಲರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಕೊಟ್ಟಂತೆ ಬರೆಸಿಕೊಳ್ಳಿ. ಹಾಗಿದ್ದರೆ ಊರಿನಲ್ಲಿರುವ ಒಬ್ಬರಿಂದಲೇ ಪೂರ್ತಿ ವಸೂಲು ಮಾಡಬಹುದು, ಮಿಕ್ಕವರಿಂದ ಅವರವರ ಪಾಲನ್ನು ಪಡೆದುಕೊಳ್ಳುವುದು ಆ ಒಬ್ಬರ ಕೆಲಸ.

ಪಾಲುದಾರಳು

ಆ ವಾಕ್ಯ ನಮ್ಮ ಕರಾರಿನಲ್ಲೂ ಇತ್ತು. ಊರಿನಲ್ಲಿದ್ದವಳು ನಾನೊಬ್ಬಳೇ, ಹಾಗಾಗಿ ಅದನ್ನು ಓದಿ ನಾನು ಸಹಿ ಹಾಕಲು ನಿರಾಕರಿಸಿದೆ. ಕೊನೆಗೆ ಹಣವನ್ನೇ ತಡೆಹಿಡಿಯುವುದಕ್ಕೆ ಎಲ್ಲರೂ ಒಪ್ಪಿದರು. ಕೊಳ್ಳುವವರು ಎರಡನ್ನೂ ಕೇಳಿದರೆ ಮಾತುಕತೆ ಮುರಿಯುವ ಸಾಧ್ಯತೆ ಹೆಚ್ಚು, ತಡೆಹಿಡಿದ ಹಣವಿದ್ದರೆ ನಷ್ಟಭರ್ತಿಯಲ್ಲಿ ಸ್ವಲ್ಪ ಸಡಿಲಿಸಿ.

ಹೊಸ ಹೊಸ್ತಿಲು

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಕಡತದ ಪ್ರತಿ ಸಿಕ್ಕಿತು. ಪಾಯದ ಹಂತದಲ್ಲಿ ಪರಿಶೀಲನೆ ಆದ ಟಿಪ್ಪಣಿ ಇದೆ, ಪೂರ್ಣಗೊಂಡ ವರದಿ ಸಲ್ಲಿಕೆಯಾಗಿಲ್ಲ, ಒ.ಸಿ ಅರ್ಜಿಯೂ ಇಲ್ಲ. ನಕ್ಷೆಯಲ್ಲಿ ತಾರಸಿಯ ಕೋಣೆಯೂ ಹಿತ್ತಿಲ ಶೌಚಾಲಯವೂ ಇಲ್ಲ. ಮುಂಭಾಗ ಮತ್ತು ಎರಡೂ ಪಕ್ಕಗಳ ಅಳತೆಯನ್ನು ಎಂಜಿನಿಯರ್ ಒಬ್ಬರಿಂದ ಮಾಡಿಸಿದೆವು, ವ್ಯತ್ಯಾಸ ಮಿತಿಯೊಳಗೇ ಇದೆ. ಎಲ್ಲರನ್ನೂ ಕೂರಿಸಿ ಮಾತನಾಡಿದೆವು, ಮಗಳು ವಿಡಿಯೋ ಕರೆಯಲ್ಲಿದ್ದರು. ಪೌತಿ ಖಾತೆಯಾದ ಮೇಲೆ ತಾವೇ ಅರ್ಜಿ ಹಾಕುವುದಾಗಿ ಒಪ್ಪಿದ್ದಾರೆ, ಮಗುವಿನ ಪರವಾಗಿ ನ್ಯಾಯಾಲಯದ ಅನುಮತಿಗೂ ಸಿದ್ಧತೆ ನಡೆದಿದೆ. ಉಳಿದಿರುವುದು ಒಂದೇ ತಕರಾರು: ಒಡೆಯುವ ಕೆಲಸವನ್ನು ನೋಂದಣಿಯ ನಂತರ ನೀವೇ ಮಾಡಿಸಿಕೊಳ್ಳಿ, ವೆಚ್ಚವನ್ನು ಬೆಲೆಯಲ್ಲಿ ಕಳೆಯುತ್ತೇವೆ ಎನ್ನುತ್ತಾರೆ. ಅತ್ತೆಯವರಿಗೆ, ಅಂದರೆ ಯಜಮಾನರ ಪತ್ನಿಗೆ, ತಮ್ಮ ಕಣ್ಣೆದುರು ಮನೆ ಒಡೆಯುವುದು ಬೇಡವೆಂದು ಸೊಸೆ ಹೇಳಿದರು.

ನಿವೃತ್ತ ಅಭಿಯಂತರ

ಅವರ ಮನಸ್ಸು ಅರ್ಥವಾಗುತ್ತದೆ, ಆದರೆ ಒಡೆಯದೆ ಅರ್ಜಿ ಹಾಕಿದರೆ ಸ್ಥಳ ಪರಿಶೀಲನೆಯಲ್ಲಿ ನಿಂತುಹೋಗುತ್ತದೆ. ಪೂರ್ಣಗೊಂಡ ಪ್ರಮಾಣಪತ್ರಕ್ಕೆ ಸಹಿ ಹಾಕುವ ಎಂಜಿನಿಯರ್ ಇಂದು ಕಟ್ಟಡ ಹೇಗಿದೆಯೋ ಹಾಗೆ ಬರೆಯಬೇಕು. ಅವರು ಈ ಕಟ್ಟಡ ಏಳುವಾಗ ಅಲ್ಲಿರಲಿಲ್ಲ, ಆದ್ದರಿಂದ ಹೆಚ್ಚೇ ಎಚ್ಚರದಲ್ಲಿರುತ್ತಾರೆ. ಒಂದು ದಾರಿಯಿದೆ. ತಾರಸಿಯ ಕೋಣೆ ಶೀಟಿನದು, ಅದನ್ನು ಬಿಚ್ಚುವುದು ದೊಡ್ಡ ಕೆಲಸವಲ್ಲ. ಶೌಚಾಲಯದ ಗೋಡೆ ಮುಖ್ಯ ಗೋಡೆಗೆ ಹೆಣೆದುಕೊಂಡಿದೆಯೇ ಅಥವಾ ಆಮೇಲೆ ಒರಗಿಸಿ ಕಟ್ಟಿದ್ದೇ ಎಂದು ನೋಡಿಸಿ. ಮೂಲೆಯಲ್ಲಿ ಗಾರೆ ಸ್ವಲ್ಪ ಕೆರೆದರೆ ಇಟ್ಟಿಗೆ ಹೆಣಿಗೆ ಕಾಣುತ್ತದೆ. ಒರಗಿಸಿ ಕಟ್ಟಿದ್ದರೆ ಮನೆಗೆ ಪೆಟ್ಟಾಗದಂತೆ ತೆಗೆಯಬಹುದು. ಒಳಗಿನ ಬಾಗಿಲ ಜಾಗವನ್ನು ಮುಚ್ಚಿ, ಮಲದ ಪೈಪನ್ನು ಛೇಂಬರಿನ ಬಳಿಯೇ ಬಂದ್ ಮಾಡಿಸಬೇಕು. ಮಾಲೀಕರು ವಾರಸುದಾರರೇ ಆಗಿರುವಾಗ, ಅವರ ಲಿಖಿತ ಒಪ್ಪಿಗೆಯೊಂದಿಗೆ, ನಿಮ್ಮ ಮೇಸ್ತ್ರಿಯಿಂದ ಮಾಡಿಸಿ, ಆ ವೆಚ್ಚವನ್ನು ಬೆಲೆಯಲ್ಲಿ ಹೊಂದಿಸಿಕೊಳ್ಳಿ. ಹಿರಿಯರನ್ನು ಅಷ್ಟು ದಿನ ಮಗ ತಮ್ಮ ಮನೆಗೆ ಕರೆದುಕೊಂಡು ಹೋಗಲಿ.

ದಸ್ತಾವೇಜು ವಕೀಲ

ಅಭಿಯಂತರರ ಸಲಹೆಗೆ ಒಂದು ಸೇರ್ಪಡೆ ಮಾತ್ರ. ಆ ಲಿಖಿತ ಒಪ್ಪಿಗೆಯಲ್ಲಿ, ಒ.ಸಿ ಬರದಿದ್ದರೆ ಅಥವಾ ನ್ಯಾಯಾಲಯದ ಅನುಮತಿ ಸಿಗದಿದ್ದರೆ ಮುಂಗಡದ ಜೊತೆಗೆ ತೆರವಿನ ವೆಚ್ಚವೂ ನಿಮಗೆ ಹಿಂತಿರುಗಬೇಕು ಎಂದು ಬರೆಸಿಕೊಳ್ಳಿ, ಅದಕ್ಕೊಂದು ಕೊನೆಯ ದಿನಾಂಕವನ್ನೂ ಹಾಕಿ. ಮುಂಗಡವಾಗಿ ಕೊಟ್ಟ ಬೆಲೆಗೆ 55ನೇ ಕಲಮಿನಡಿ ಆ ಆಸ್ತಿಯಲ್ಲಿ ಮಾರುವವರಿಗಿರುವ ಹಕ್ಕಿನ ಮೇಲೆಯೇ ನಿಮಗೆ ಭಾರ, ಅಂದರೆ ಹಣವನ್ನು ಆ ಆಸ್ತಿಯಿಂದಲೇ ವಸೂಲು ಮಾಡಿಕೊಳ್ಳುವ ಹಕ್ಕು, ಇರುತ್ತದೆ, ಮೇಸ್ತ್ರಿಗೆ ಕೊಟ್ಟ ಹಣಕ್ಕೆ ಕರಾರಿನಲ್ಲಿ ಬರೆಯದಿದ್ದರೆ ಆ ಆಧಾರ ಇರುವುದಿಲ್ಲ. ಮಗುವಿನ ಪಾಲಿನ ಮಟ್ಟಿಗೆ ಅನುಮತಿಯ ಆದೇಶ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.